ಹಡಗಿನ ಕೋಣೆ, ಹಡಗಿನ ಪಂಕ್ತಿ

1842ರ ಜನವರಿ ಮೊದಲ ವಾರ ಇಂಗ್ಲೆಂಡಿನ ಲಿವರ್‌ಪೂಲ್ ಬಂದರಿನಿಂದ ಅಮೆರಿಕದ ಬಾಸ್ಟನ್ನಿಗೆ ಹೊರಟ ‘ಬ್ರಿಟಾನಿಯಾ’ ಎಂಬ ಉಗಿಹಡಗಿನಲ್ಲಿ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ ಪತ್ನಿ ಸಮೇತನಾಗಿ ಪ್ರಯಾಣ ಮಾಡಿದ. ಹಡಗು ನೀರಿಗಿಳಿದು ಸಂಚಾರ ಆರಂಭಿಸಿ ಕೇವಲ ಒಂದೂವರೆ ವರ್ಷವಾಗಿತ್ತು. ಲಂಡನ್ನಿನ ಏಜೆಂಟರ ಕಚೇರಿಯಲ್ಲಿ ತೂಗುಹಾಕಿದ್ದ ಬಣ್ಣದ ಚಿತ್ರದಲ್ಲಿ ಅದರ ಕೋಣೆಗಳು ಅರಮನೆಯ ಅಂತಃಪುರದಂತೆ ಕಾಣುತ್ತಿದ್ದವು. ಹಡಗು ಹತ್ತಿದ ಡಿಕನ್ಸ್‌ಗೆ ತೋರಿಸಿದ ಕೋಣೆಯಾದರೋ, ತಂದ ಪೆಟ್ಟಿಗೆಗಳೂ ಒಳಗೆ ಹೋಗದಷ್ಟು ಇಕ್ಕಟ್ಟಾಗಿತ್ತು. ಹಾಸಿಗೆ ಎಂದರೆ ಗೋಡೆಗೆ ಬಡಿದ ಹಲಗೆಯ ಮೇಲೊಂದು ತೆಳುವಾದ ಮೆತ್ತೆ. ಊಟದ ಸಾಲೆಯನ್ನು ಆತ ಶವ ಸಾಗಿಸುವ ಬಂಡಿಗೆ ಹೋಲಿಸಿದ. ಅದೇ ವರ್ಷ ಪ್ರಕಟವಾದ ‘ಅಮೆರಿಕನ್ ನೋಟ್ಸ್’ ಪುಸ್ತಕದಲ್ಲಿ ಈ ಅನುಭವವೆಲ್ಲ ಬಂತು. ಮರಳಿ ಬರುವಾಗ ಆತ ಉಗಿಹಡಗಿನ ಸಹವಾಸವೇ ಬೇಡವೆಂದು ಹಾಯಿಹಡಗು ಹತ್ತಿದ.

ಹೊಸ ಹಡಗೊಂದರಲ್ಲಿ ಪ್ರಯಾಣ ಮಾಡಿದವರು ಬರೆದ ಅನಿಸಿಕೆಗಳು ಅಂದಿನಿಂದ ಇಂದಿನವರೆಗೆ ಒಂದು ಪ್ರತ್ಯೇಕ ಸಾಹಿತ್ಯವೇ ಆಗಿ ಬೆಳೆದಿವೆ. ಕಾಗದ, ದಿನಚರಿ, ಪ್ರವಾಸ ಕಥನ, ಪತ್ರಿಕಾ ಲೇಖನ ಹೀಗೆ ರೂಪ ಯಾವುದೇ ಇರಲಿ, ಎಲ್ಲರೂ ಮೊದಲು ಹೇಳುವುದು ಎರಡೇ ಸಂಗತಿ: ಮಲಗಲು ಕೊಟ್ಟ ಕೋಣೆ ಹೇಗಿತ್ತು, ಊಟ ಹೇಗಿತ್ತು? ಎಂಜಿನ್ನಿನ ಶಕ್ತಿ, ಹಡಗಿನ ವೇಗ ಇವೆಲ್ಲ ಆಮೇಲಿನ ಮಾತು. ದಡ ಕಾಣದ ನೀರಿನ ನಡುವೆ ಮನುಷ್ಯನಿಗೆ ಉಳಿಯುವ ನೆಲೆ ಈ ಎರಡೇ ತಾನೆ? ಆದರೆ ಈ ಅನಿಸಿಕೆಗಳನ್ನು ಬರಿಯ ಹೊಗಳಿಕೆ ತೆಗಳಿಕೆ ಎಂದು ಓದಿದರೆ ಅರ್ಧ ಮಾತ್ರ ಓದಿದಂತೆ. ಹಡಗನ್ನು ಕಟ್ಟಿದವರ ಲೆಕ್ಕಾಚಾರ, ಕಂಪನಿಯ ವ್ಯಾಪಾರ, ಆ ಕಾಲದ ಮೇಲು ಕೀಳು ಎಲ್ಲವೂ ಅವುಗಳ ಒಳಗೆ ಅಡಗಿವೆ.

<b>ಕೋಣೆ ಏಕೆ ಇಕ್ಕಟ್ಟು?</b>

ಬ್ರಿಟಾನಿಯಾದ ಉದ್ದ ಸುಮಾರು 207 ಅಡಿ. 115 ಪ್ರಯಾಣಿಕರಿಗೆ ಅದರಲ್ಲಿ ಅವಕಾಶವಿತ್ತು. ಮರದ ಆ ಹಡಗಿನ ನಡುಭಾಗವನ್ನೆಲ್ಲ ಎಂಜಿನ್ನು ಮತ್ತು ಕಲ್ಲಿದ್ದಲಿನ ರಾಶಿ ಆಕ್ರಮಿಸಿದ್ದವು. ಎರಡು ವಾರದ ದಾರಿಗೆ ಬೇಕಾದ ಇದ್ದಿಲನ್ನೆಲ್ಲ ಹೊರಡುವಾಗಲೇ ತುಂಬಿಕೊಳ್ಳಬೇಕಾಗಿತ್ತು. ಉಳಿದ ಮೂಲೆಗಳಲ್ಲಿ ಪ್ರಯಾಣಿಕರಿಗೆ ಜಾಗ. ಸ್ಯಾಮ್ಯುಯೆಲ್ ಕ್ಯುನಾರ್ಡನ ಕಂಪನಿಗೆ ಮುಖ್ಯ ಆಧಾರ ಸರಕಾರದ ಅಂಚೆ ಸಾಗಿಸುವ ಗುತ್ತಿಗೆಯೇ ಹೊರತು ಪ್ರಯಾಣಿಕರ ಟಿಕೆಟ್ ಹಣವಲ್ಲ. ಅಂಚೆಯ ಚೀಲ ಹೊತ್ತಿಗೆ ಸರಿಯಾಗಿ ತಲುಪಬೇಕು. ಪ್ರಯಾಣಿಕ ಹೇಗೋ ತಲುಪಿದರೆ ಸಾಕು ಎಂಬಂತಿತ್ತು ವ್ಯವಸ್ಥೆ. ಡಿಕನ್ಸ್ ಕಂಡ ಇಕ್ಕಟ್ಟಿನ ಹಿಂದೆ ಇದ್ದ ಕಾರಣ ಇದು.

ಹಡಗಿನ ಜಾಗಕ್ಕೆ ಎಷ್ಟು ಬೆಲೆ ಎಂಬುದನ್ನು ‘ಟನ್’ ಎಂಬ ಮಾತೇ ತಿಳಿಸುತ್ತದೆ. ಪ್ರಯಾಣಿಕ ಹಡಗು ಇಷ್ಟು ಸಾವಿರ ಟನ್ನಿನದು ಎಂದು ಪತ್ರಿಕೆಗಳಲ್ಲಿ ಓದಿದಾಗ ಅದು ಹಡಗಿನ ತೂಕವೆಂದು ಅನೇಕರು ಭಾವಿಸುತ್ತಾರೆ. ಅದು ತೂಕವಲ್ಲ, ಒಳಗಿನ ಅವಕಾಶದ ಅಳತೆ. ಹಿಂದಿನ ಕಾಲದಲ್ಲಿ ಹಡಗು ಎಷ್ಟು ಪೀಪಾಯಿ ದ್ರಾಕ್ಷಾರಸ ಹಿಡಿಸುತ್ತದೆ ಎಂಬುದರ ಮೇಲೆ ಸುಂಕ ಹಾಕುತ್ತಿದ್ದರು. ಆ ಪೀಪಾಯಿಯ ಹೆಸರಿನಿಂದ ಬಂದ ಪದವೇ ಟನ್. ಹಡಗಿನಲ್ಲಿ ಒಂದು ಅಡಿ ಜಾಗವೂ ಲೆಕ್ಕಕ್ಕೆ ಸೇರಿದ್ದೇ. ಎತ್ತರಕ್ಕೆ ಮಹಡಿ ಏರಿಸೋಣವೆಂದರೆ ಮೇಲಿನ ಭಾರ ಹೆಚ್ಚಿ ಹಡಗು ಅತ್ತಿತ್ತ ವಾಲುವ ಭಯ. ಆದ್ದರಿಂದ ಭಾರವಾದ ಎಂಜಿನ್ನು, ಎಣ್ಣೆ, ನೀರು ತಳದಲ್ಲಿ. ಹಗುರವಾದ ಕೋಣೆಗಳು ಮೇಲೆ.

ಕೋಣೆಯ ಗಾತ್ರದಷ್ಟೇ ಮುಖ್ಯವಾದದ್ದು ಅದು ಇರುವ ಜಾಗ. ಅಲೆಗೆ ಸಿಕ್ಕ ಹಡಗು ಮಕ್ಕಳು ಆಡುವ ಏರುಪೇರು ಹಲಗೆಯಂತೆ ವರ್ತಿಸುತ್ತದೆ. ಎರಡು ತುದಿಗಳು ಏರಿ ಇಳಿಯುತ್ತವೆ, ನಡುಭಾಗ ಹೆಚ್ಚು ಕದಲದು. ಹಳೆಯ ಹಾಯಿಹಡಗುಗಳಲ್ಲಿ ಗಣ್ಯರಿಗೆ ಹಿಂಭಾಗದಲ್ಲಿ ಕೋಣೆ ಕೊಡುವ ರೂಢಿಯಿತ್ತು. ಉಗಿಹಡಗು ಬಂದ ಮೇಲೂ ಅದೇ ಮುಂದುವರಿಯಿತು. ಹಿಂಭಾಗದಲ್ಲಿ ತಿರುಗುವ ಚಾಲಕ ಚಕ್ರದ ಅದುರು ಬೇರೆ ಸೇರಿ ಗಣ್ಯರ ಗತಿ ಕೆಟ್ಟಿತ್ತು. 1871ರಲ್ಲಿ ವೈಟ್ ಸ್ಟಾರ್ ಕಂಪನಿಯ ‘ಓಷಿಯಾನಿಕ್’ ಬಂದಾಗ ಮೊದಲ ದರ್ಜೆಯ ಕೋಣೆಗಳನ್ನೂ ಊಟದ ಸಾಲೆಯನ್ನೂ ಹಡಗಿನ ನಡುವಿಗೆ ತಂದರು. ಊಟದ ಸಾಲೆ ಹಡಗಿನ ಒಂದು ಮಗ್ಗುಲಿಂದ ಇನ್ನೊಂದು ಮಗ್ಗುಲವರೆಗೆ ಹರಡಿತು; ಎರಡೂ ಕಡೆಯಿಂದ ಬೆಳಕು ಬಂತು. ಈಗಲೂ ಕಡಲು ಸೇರದವರಿಗೆ ಅನುಭವಿಗಳು ಕೊಡುವ ಸಲಹೆ ಅದೇ: ಕೆಳಗಿನ ಅಂತಸ್ತಿನ ನಡುಭಾಗದ ಕೋಣೆ ಹಿಡಿಯಿರಿ.

ಹಡಗು ಎಡಬಲಕ್ಕೆ ಹೊರಳುವುದನ್ನು ಹತೋಟಿಗೆ ತಂದದ್ದು ಇನ್ನೂ ತಡವಾಗಿ. ಮೀನಿನ ಈಜುರೆಕ್ಕೆಗಳಂತೆ ಹಡಗಿನ ಎರಡು ಪಕ್ಕಗಳಿಂದ ನೀರಿನೊಳಗೆ ಚಾಚುವ ಉಕ್ಕಿನ ರೆಕ್ಕೆಗಳು ಅಲೆಗೆ ಎದುರಾಗಿ ಓರೆಯಾಗಿ ತಿರುಗಿ ಹೊರಳನ್ನು ತಡೆಯುತ್ತವೆ. 1950ರಲ್ಲಿ ಸಂಚಾರಕ್ಕೆ ಬಂದ ಪಿ ಅಂಡ್ ಓ ಕಂಪನಿಯ ‘ಚೂಸಾನ್’ ಇಂಥ ರೆಕ್ಕೆಗಳನ್ನು ಹೊಂದಿದ ಮೊದಲ ದೊಡ್ಡ ಪ್ರಯಾಣಿಕ ಹಡಗು. ಊಟದ ಮೇಜಿನ ಅಂಚಿಗೆ ತಟ್ಟೆ ಜಾರದಂತೆ ಮರದ ಪಟ್ಟಿ ಕಟ್ಟುವ ಹಳೆಯ ಕ್ರಮ ಆಮೇಲೆ ಕ್ರಮೇಣ ಮರೆಗೆ ಸಂದಿತು.

ಇದೇ ಕಂಪನಿಯ ಹಡಗುಗಳ ಬಗ್ಗೆ ಒಂದು ಕತೆ ಬಹಳ ಪ್ರಸಿದ್ಧ. ಇಂಗ್ಲೆಂಡಿನಿಂದ ಭಾರತಕ್ಕೆ ಬರುವಾಗ ಎಡಮಗ್ಗುಲಿನ ಕೋಣೆಗಳಿಗೆ ನೆರಳು ಹೆಚ್ಚು, ಹೋಗುವಾಗ ಬಲಮಗ್ಗುಲಿಗೆ. ಉಳ್ಳವರು ಎರಡು ಸಲವೂ ನೆರಳಿನ ಕೋಣೆಯನ್ನೇ ಹಿಡಿಯುತ್ತಿದ್ದರಂತೆ. ‘ಪೋರ್ಟ್ ಔಟ್, ಸ್ಟಾರ್‌ಬೋರ್ಡ್ ಹೋಮ್’ ಎಂದು ಅವರ ಟಿಕೆಟ್ಟಿನ ಮೇಲೆ ಬರೆಯುತ್ತಿದ್ದರಂತೆ. ಅದರ ಮೊದಲಕ್ಷರಗಳಿಂದಲೇ ಸಿರಿವಂತಿಕೆಯನ್ನು ಸೂಚಿಸುವ ‘ಪಾಶ್’ ಎಂಬ ಪದ ಹುಟ್ಟಿತಂತೆ. ಕತೆ ಸೊಗಸಾಗಿದೆ, ಆದರೆ ಹಾಗೆ ಮುದ್ರಿತವಾದ ಒಂದು ಟಿಕೆಟ್ಟೂ ಸಿಕ್ಕಿಲ್ಲ, ನಿಘಂಟುಕಾರರೂ ಇದನ್ನು ಒಪ್ಪಿಲ್ಲ. ಕೆಂಪು ಸಮುದ್ರದ ಸೆಕೆಯಂತೂ ಕತೆಯಲ್ಲ. ಹವಾನಿಯಂತ್ರಣ ಬರುವ ಮುನ್ನ ಆ ದಾರಿಯ ಪ್ರಯಾಣಿಕರು ಕೋಣೆ ಬಿಟ್ಟು ಮೇಲಿನ ಬಯಲು ಅಟ್ಟದಲ್ಲಿ ಹಾಸಿಗೆ ಹಾಕಿಕೊಳ್ಳುತ್ತಿದ್ದರು.

<b>ಊಟದ ಸಾಲೆಗೆ ಹೋಗದವರು</b>

ಶೀತಲ ಕೋಠಡಿಗಳಿಲ್ಲದ ಕಾಲದಲ್ಲಿ ಹಡಗೊಂದು ತೇಲುವ ಕೊಟ್ಟಿಗೆಯೂ ಆಗಿತ್ತು. ಕೋಳಿ, ಕುರಿ, ಹಂದಿಗಳನ್ನು ಜೀವಂತವಾಗಿ ಒಯ್ಯುತ್ತಿದ್ದರು. ಬ್ರಿಟಾನಿಯಾದಲ್ಲಿ ಹಾಲಿಗಾಗಿ ಒಂದು ಹಸುವೇ ಇತ್ತು. ದಿನ ಕಳೆದಂತೆ ತಾಜಾ ಪದಾರ್ಥ ಕಡಿಮೆಯಾಗಿ ಉಪ್ಪು ಹಾಕಿದ ಮಾಂಸ, ಬೇಯಿಸಿದ ಆಲೂಗೆಡ್ಡೆ, ಬಾಡಿದ ಹಣ್ಣು ಮೇಜಿಗೆ ಬರುತ್ತಿದ್ದವು. ಅದನ್ನು ತಿನ್ನುವುದಕ್ಕೂ ಮೈ ಸ್ವಾಧೀನದಲ್ಲಿರಬೇಕಲ್ಲ! ಕಡಲಬೇನೆಯಿಂದ ಬಹುಮಂದಿ ಕೋಣೆಯಲ್ಲೇ ಮಲಗಿರುತ್ತಿದ್ದರು.

ಊಟದ ಸಾಲೆಗೆ ಹೋಗದವರ ಪೈಕಿ ನಮ್ಮವರ ಕಾರಣ ಬೇರೆ. 1888ರ ಸೆಪ್ಟೆಂಬರ್ 4ರಂದು ಮುಂಬಯಿಯಿಂದ ಹಡಗು ಹತ್ತಿದ ಹದಿನೆಂಟರ ಯುವಕ ಮೋಹನದಾಸ ಗಾಂಧಿ ತಮ್ಮ ಆತ್ಮಕಥೆಯಲ್ಲಿ ಇದನ್ನು ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ. ಸಮುದ್ರ ದಾಟುತ್ತಾರೆಂದು ಜಾತಿಯವರು ಆಗಲೇ ಬಹಿಷ್ಕಾರ ಹಾಕಿದ್ದರು. ಜುನಾಗಡದ ವಕೀಲ ತ್ರ್ಯಂಬಕರಾಯ ಮಜುಮ್‌ದಾರರು ಅದೇ ಕೋಣೆಯಲ್ಲಿದ್ದ ಸಹಪ್ರಯಾಣಿಕರು. ಚಾಕು ಚಮಚ ಹಿಡಿಯಲು ಬಾರದು, ಯಾವ ಭಕ್ಷ್ಯದಲ್ಲಿ ಮಾಂಸವಿಲ್ಲ ಎಂದು ಕೇಳಲು ಧೈರ್ಯ ಸಾಲದು. ಆದ್ದರಿಂದ ಗಾಂಧಿ ಊಟದ ಮೇಜಿಗೆ ಹೋಗದೆ ಮನೆಯಿಂದ ತಂದ ಸಿಹಿತಿಂಡಿ, ಹಣ್ಣುಗಳನ್ನು ಕೋಣೆಯಲ್ಲೇ ತಿಂದು ದಿನ ಕಳೆದರು. ಮುಂದೆ ಬಿಸ್ಕೆ ಕೊಲ್ಲಿಯ ಚಳಿಗೆ ಮಾಂಸವಿಲ್ಲದೆ ಬದುಕುವಂತಿಲ್ಲ ಎಂದು ಇಂಗ್ಲಿಷ್ ಪ್ರಯಾಣಿಕರೊಬ್ಬರು ಅಕ್ಕರೆಯಿಂದಲೇ ಎಚ್ಚರಿಸಿದರು. ಗಾಂಧಿ ಬಗ್ಗಲಿಲ್ಲ. ಮಾಂಸ ಮುಟ್ಟಲಿಲ್ಲ ಎಂಬುದಕ್ಕೆ ಪ್ರಮಾಣಪತ್ರವನ್ನೂ ಬರೆಸಿಕೊಂಡರು. ಮಾಂಸ ತಿಂದವರಿಗೂ ಅಂಥ ಪತ್ರ ಸಿಗುತ್ತದೆಂದು ಗೊತ್ತಾದ ಮೇಲೆ ಅದರ ಬೆಲೆ ಹೋಯಿತು. ಹಡಗಿನ ಊಟದ ಬಗ್ಗೆ ಊಟ ಮಾಡದವರು ಬರೆದ ಅನಿಸಿಕೆಗಳಲ್ಲಿ ಇದಕ್ಕಿಂತ ಪ್ರಾಮಾಣಿಕವಾದುದು ಸಿಗುವುದು ಕಷ್ಟ.

ಗಾಂಧಿ ಹೆದರಿದ ಆ ಊಟದ ಸಾಲೆಗಳಲ್ಲಿ ಬಡಿಸುತ್ತಿದ್ದವರೂ ಭಾರತದವರೇ ಎಂಬುದು ಗಮನಾರ್ಹ. ಪಿ ಅಂಡ್ ಓ ಹಡಗುಗಳ ಅಡಿಗೆಮನೆ ಮತ್ತು ಊಟದ ಸಾಲೆಗಳಲ್ಲಿ ಗೋವೆಯ ಕ್ರೈಸ್ತರು ದುಡಿಯುತ್ತಿದ್ದರು. ಹಡಗಿನ ಮೇಲ್ಭಾಗದ ಕೆಲಸಕ್ಕೂ ಬಾಯ್ಲರಿನ ಬೆಂಕಿಯ ಮುಂದಿನ ಕೆಲಸಕ್ಕೂ ‘ಲಾಸ್ಕರ್’ ಎಂದು ಕರೆಯಲಾಗುತ್ತಿದ್ದ ಉಪಖಂಡದ ನಾವಿಕರಿದ್ದರು. ಯುರೋಪಿನ ನಾವಿಕರಿಗಿಂತ ಅವರಿಗೆ ಸಂಬಳವೂ ಕಡಿಮೆ, ಮಲಗಲು ಕೊಡುತ್ತಿದ್ದ ಜಾಗವೂ ಕಡಿಮೆ.

<b>ಹೊಗಳಿಕೆಯ ವ್ಯಾಪಾರ</b>

ಪ್ರಯಾಣಿಕರ ಅನಿಸಿಕೆಯೇ ಟಿಕೆಟ್ ಮಾರುವ ಸಾಧನ ಎಂಬುದು ಕಂಪನಿಗಳಿಗೆ ಬೇಗನೆ ಹೊಳೆಯಿತು. ಪಿ ಅಂಡ್ ಓ 1844ರಲ್ಲಿ ಕಾದಂಬರಿಕಾರ ವಿಲಿಯಂ ಥ್ಯಾಕರೆಗೆ ಮೆಡಿಟರೇನಿಯನ್ ಪ್ರವಾಸದ ಟಿಕೆಟ್ಟನ್ನು ಪುಕ್ಕಟೆಯಾಗಿ ಕೊಟ್ಟಿತು. 1846ರಲ್ಲಿ ಆತನ ಪ್ರವಾಸ ಕಥನ ಹೊರಬಂತು. ಕಂಪನಿಯ ಉಪ್ಪು ತಿಂದು ಬರೆದ ಪುಸ್ತಕವೆಂಬ ಟೀಕೆಯೂ ಬೆನ್ನಿಗೇ ಬಂತು.

ಮಜಲು ಮುಟ್ಟುವುದಕ್ಕಲ್ಲದೆ, ಹಡಗಿನಲ್ಲಿ ಇರುವುದಕ್ಕಾಗಿಯೇ ಪ್ರಯಾಣ ಮಾಡುವ ವಿಹಾರ ನೌಕೆಯ ಕಲ್ಪನೆಗೆ ಬಲ ಬಂದದ್ದು ಜರ್ಮನಿಯ ಹ್ಯಾಂಬುರ್ಗಿನಲ್ಲಿ. ಚಳಿಗಾಲದಲ್ಲಿ ಅಟ್ಲಾಂಟಿಕ್ ದಾಟುವವರು ಕಡಿಮೆ. ದೊಡ್ಡ ಹಡಗುಗಳು ಸುಮ್ಮನೆ ನಿಲ್ಲುತ್ತಿದ್ದವು. ಹ್ಯಾಂಬುರ್ಗ್–ಅಮೆರಿಕ ಕಂಪನಿಯ ಆಲ್ಬರ್ಟ್ ಬಾಲಿನ್ 1891ರ ಜನವರಿ 22ರಂದು ‘ಆಗಸ್ಟಾ ವಿಕ್ಟೋರಿಯಾ’ ಹಡಗನ್ನು 241 ಪ್ರಯಾಣಿಕರೊಡನೆ ಮೆಡಿಟರೇನಿಯನ್ ಕಡೆಗೆ ಸುಮಾರು ಎರಡು ತಿಂಗಳ ವಿಹಾರಕ್ಕೆ ಕಳುಹಿಸಿದ. ಪ್ರಯೋಗ ಗೆದ್ದಿತು. ವಿಹಾರಕ್ಕೆಂದೇ ಕಟ್ಟಿದ ‘ಪ್ರಿನ್ಸೆಸ್ಸಿನ್ ವಿಕ್ಟೋರಿಯಾ ಲೂಯಿಸೆ’ 1900ರಲ್ಲಿ ನೀರಿಗಿಳಿಯಿತು. ಅದರಲ್ಲಿ ಇದ್ದದ್ದು ಮೊದಲ ದರ್ಜೆಯ ಕೋಣೆಗಳು ಮಾತ್ರ. 1906ರಲ್ಲಿ ಜಮೈಕಾ ತೀರದಲ್ಲಿ ಅದು ಬಂಡೆಗೆ ಬಡಿದು ಹಾಳಾದರೂ ಬಾಲಿನ್ನನ ಕಲ್ಪನೆ ಉಳಿಯಿತು.

ಊಟದ ವಿಷಯದಲ್ಲೂ ಬಾಲಿನ್ ದೊಡ್ಡ ಬದಲಾವಣೆ ತಂದ. ಅದುವರೆಗೆ ಹಡಗಿನ ಊಟವೆಂದರೆ ಗಂಟೆ ಬಾರಿಸಿದಾಗ ಎಲ್ಲರೂ ಕೂಡುವ ಪಂಕ್ತಿ ಊಟ. ಜನ ಹೆಚ್ಚಿದ್ದರೆ ಮೊದಲ ಪಂಕ್ತಿ, ಎರಡನೆಯ ಪಂಕ್ತಿ. 1905ರ ‘ಅಮೆರಿಕಾ’ ಹಡಗಿನಲ್ಲಿ ಆತ ರಿಟ್ಸ್ ಹೋಟೆಲಿನ ಹೆಸರಿನ ಉಪಾಹಾರ ಮಂದಿರವನ್ನೇ ತೆರೆದ. ಬೇಕಾದ ಹೊತ್ತಿಗೆ ಹೋಗಿ ಬೇಕಾದುದನ್ನು ತರಿಸಿ ತಿನ್ನಬಹುದು. ಅದಕ್ಕೆ ಪ್ರತ್ಯೇಕ ಹಣ. ಇಂದಿನ ವಿಹಾರ ನೌಕೆಗಳಲ್ಲಿ ಟಿಕೆಟ್ಟಿನೊಳಗೆ ಸೇರಿದ ಊಟ ಒಂದು ಕಡೆ, ಹೆಚ್ಚು ಹಣ ತೆತ್ತು ಉಣ್ಣುವ ವಿಶೇಷ ಭೋಜನಶಾಲೆಗಳು ಇನ್ನೊಂದು ಕಡೆ ಇರುವ ಏರ್ಪಾಟಿನ ಮೂಲ ಇಲ್ಲಿದೆ.

<b>ಟೈಟಾನಿಕ್‌ನ ಮೂರು ಊಟದ ಸಾಲೆಗಳು</b>

ಹೊಸ ಹಡಗಿನ ಕೋಣೆ, ಊಟಗಳ ಬಗ್ಗೆ ಅತಿ ಹೆಚ್ಚು ಓದಲ್ಪಟ್ಟ ಅನಿಸಿಕೆಗಳು ‘ಟೈಟಾನಿಕ್’ನವು. 1912ರ ಏಪ್ರಿಲ್ 10ರಂದು ಸೌತಾಂಪ್ಟನ್ ಬಿಟ್ಟ ಆ ಹಡಗು ಮರುದಿನ ಐರ್ಲೆಂಡಿನ ಕ್ವೀನ್ಸ್‌ಟೌನಿನಲ್ಲಿ ಅಂಚೆಯ ಚೀಲಗಳನ್ನು ಇಳಿಸಿತು. ಅವುಗಳಲ್ಲಿದ್ದ ಕಾಗದಗಳನ್ನು ಬರೆದವರಲ್ಲಿ ಹಲವರು ಕೆಲವೇ ದಿನಗಳಲ್ಲಿ ಇಲ್ಲವಾದರು.

ಮೊದಲ ದರ್ಜೆಯವರಿಗೆ ಐನೂರಕ್ಕೂ ಹೆಚ್ಚು ಜನ ಒಟ್ಟಿಗೆ ಕೂರುವ ಭೋಜನಶಾಲೆಯಲ್ಲದೆ, ಲೂಯಿಜಿ ಗಟ್ಟಿ ಎಂಬ ಇಟಲಿಯವನು ಗುತ್ತಿಗೆ ಹಿಡಿದು ನಡೆಸುತ್ತಿದ್ದ ಬೇರೆ ರೆಸ್ಟೋರೆಂಟ್ ಇತ್ತು. ಮೂರನೇ ದರ್ಜೆಯವರಿಗೆ ಕೆಳಗಿನ ಅಂತಸ್ತಿನಲ್ಲಿ ಬಿಳಿ ಬಣ್ಣದ ಸಾದಾ ಸಾಲೆ. ಬೆಳಿಗ್ಗೆ ಓಟ್ಸ್ ಗಂಜಿ, ಮೀನು, ಮೊಟ್ಟೆ, ತಾಜಾ ಬ್ರೆಡ್ಡು. ಮಧ್ಯಾಹ್ನ ಅಕ್ಕಿಯ ಸೂಪು, ಹುರಿದ ದನದ ಮಾಂಸ, ಆಲೂಗೆಡ್ಡೆ, ಕಡುಬಿನಂಥ ಪುಡ್ಡಿಂಗ್. ಇಂದಿನ ಕಣ್ಣಿಗೆ ಇದು ಸಾಧಾರಣ. ಆದರೆ ಹತ್ತೊಂಬತ್ತನೇ ಶತಮಾನದ ಮೊದಲ ಭಾಗದಲ್ಲಿ ವಲಸೆ ಹೋಗುವ ಬಡವರು ತಮ್ಮ ಹಿಟ್ಟು, ಪಾತ್ರೆ, ಹಾಸಿಗೆಗಳನ್ನು ತಾವೇ ಹೊತ್ತು ತಂದು, ಒಲೆಯ ಮುಂದೆ ಸರದಿ ಕಾಯಬೇಕಾಗಿತ್ತು. ಅವರ ಮೊಮ್ಮಕ್ಕಳಿಗೆ ಟೈಟಾನಿಕ್‌ನಲ್ಲಿ ಮೇಜಿನ ಮುಂದೆ ಕುಳ್ಳಿರಿಸಿ ಬಡಿಸುತ್ತಿದ್ದರು, ಕೋಣೆಯಲ್ಲಿ ವಿದ್ಯುದ್ದೀಪವಿತ್ತು. ಊಟದ ಬಗ್ಗೆಯಾಗಲಿ, ಸಿಬ್ಬಂದಿಯ ಒರಟುತನದ ಬಗ್ಗೆಯಾಗಲಿ ದೂರಿದ್ದರೆ ಕೂಡಲೇ ತಿಳಿಸಬೇಕೆಂದು ಅವರ ಊಟದ ಪಟ್ಟಿಯಲ್ಲೇ ಅಚ್ಚಾಗಿತ್ತು. ಬಡ ಪ್ರಯಾಣಿಕನ ಅನಿಸಿಕೆಗೂ ಬೆಲೆ ಬಂದಿತ್ತೆನ್ನಲು ಇದೇ ಸಾಕ್ಷಿ. ಅಟ್ಲಾಂಟಿಕ್ ಕಂಪನಿಗಳಿಗೆ ವಲಸೆಗಾರರ ಹಣ ಅಷ್ಟು ಅಗತ್ಯವಾಗಿತ್ತು.

ಎರಡನೇ ದರ್ಜೆಯಲ್ಲಿದ್ದ ಲಾರೆನ್ಸ್ ಬೀಸ್ಲಿ ಎಂಬ ವಿಜ್ಞಾನದ ಅಧ್ಯಾಪಕ ಬದುಕುಳಿದು ಅದೇ ವರ್ಷ ಪುಸ್ತಕ ಬರೆದ. ಅವನ ಅನಿಸಿಕೆಗಳಲ್ಲಿ ವಿಜ್ಞಾನಿಯ ಕಣ್ಣಿದೆ. ಊಟದ ಮೇಜಿನಲ್ಲಿ ಕುಳಿತು ದುಂಡು ಕಿಟಕಿಗಳಲ್ಲಿ ದಿಗಂತವನ್ನು ನೋಡುತ್ತಾ ಹಡಗು ಎಡಕ್ಕೆ ತುಸು ವಾಲಿದೆ ಎಂಬುದನ್ನು ಆತ ಗುರುತಿಸಿದ. ಬಲಗಡೆಯ ಕಲ್ಲಿದ್ದಲು ಹೆಚ್ಚು ಖರ್ಚಾಗಿರಬೇಕು ಎಂಬ ವಿವರಣೆ ಮೇಜಿನಲ್ಲೇ ದೊರಕಿತು. ದುರಂತದ ರಾತ್ರಿ ಹಾಸಿಗೆಯ ಮೂಲಕ ಬರುತ್ತಿದ್ದ ಅದುರು ಹೆಚ್ಚಿದ್ದನ್ನು ಕಂಡು ಹಡಗಿನ ವೇಗ ಏರಿದೆ ಎಂದು ಊಹಿಸಿದ.

ಮುಳುಗುವಾಗಲೂ ಕೋಣೆಯ ಜಾಗ ಪ್ರಾಣದ ಪ್ರಶ್ನೆಯಾಯಿತು. ದೋಣಿಗಳಿದ್ದದ್ದು ಮೇಲಿನ ಅಟ್ಟದಲ್ಲಿ. ಮೊದಲ ದರ್ಜೆಯವರಲ್ಲಿ ನೂರಕ್ಕೆ ಅರವತ್ತಕ್ಕೂ ಹೆಚ್ಚು ಮಂದಿ ಉಳಿದರು. ಮೂರನೇ ದರ್ಜೆಯವರಲ್ಲಿ ಉಳಿದವರು ನೂರಕ್ಕೆ ಸುಮಾರು ಇಪ್ಪತ್ತೈದು. ಗಟ್ಟಿಯ ರೆಸ್ಟೋರೆಂಟಿನ ಅರವತ್ತಕ್ಕೂ ಹೆಚ್ಚು ಸಿಬ್ಬಂದಿಯಲ್ಲಿ ಬದುಕಿದವರು ಮೂವರೇ. ಗಟ್ಟಿಯೂ ಉಳಿಯಲಿಲ್ಲ.

<b>ವಿಮಾನ ಬಂದ ಮೇಲೆ</b>

1958ರಲ್ಲಿ ಜೆಟ್ ವಿಮಾನಗಳು ಪ್ರಯಾಣಿಕರನ್ನು ಹೊತ್ತು ಅಟ್ಲಾಂಟಿಕ್ ದಾಟತೊಡಗಿದವು. ದಿನಗಳ ದಾರಿ ಗಂಟೆಗಳಿಗೆ ಇಳಿಯಿತು. ಸಾರಿಗೆಯಾಗಿ ಹಡಗಿನ ಕೆಲಸ ಮುಗಿದಂತಾಯಿತು, ವಿಹಾರವೊಂದೇ ಉಳಿಯಿತು. ಆಗ ಕೋಣೆ ಮತ್ತು ಊಟ ಪ್ರಯಾಣದ ಅನುಕೂಲವಾಗಿ ಉಳಿಯದೆ ಮಾರಾಟದ ಸರಕೇ ಆದವು. 1984ರ ‘ರಾಯಲ್ ಪ್ರಿನ್ಸೆಸ್’ ಹಡಗಿನಲ್ಲಿ ಪ್ರಯಾಣಿಕರ ಎಲ್ಲ ಕೋಣೆಗಳೂ ಕಡಲಿಗೆ ಮುಖ ಮಾಡಿದ್ದವು. ಹಲವಕ್ಕೆ ಬಾಲ್ಕನಿಯೂ ಇತ್ತು. 1999ರ ‘ವಾಯೇಜರ್ ಆಫ್ ದಿ ಸೀಸ್’ನಲ್ಲಿ ಒಳಗಡೆಯೇ ಅಂಗಡಿ ಬೀದಿ ನಿರ್ಮಿಸಿ ಒಳಕೋಣೆಗಳ ಕಿಟಕಿಗಳನ್ನು ಆ ಬೀದಿಗೆ ತೆರೆದರು. ಹಡಗು ಅಗಲವಾದಂತೆ ಕಡಲು ಕಾಣದ ಕೋಣೆಗಳು ಹೆಚ್ಚಾಗುತ್ತವೆ, ಅವನ್ನೂ ಮಾರಬೇಕಲ್ಲ!

2024ರ ಜನವರಿಯಲ್ಲಿ ಮಯಾಮಿಯಿಂದ ಮೊದಲ ಯಾನ ಹೊರಟ ‘ಐಕಾನ್ ಆಫ್ ದಿ ಸೀಸ್’ ಆಗ ಜಗತ್ತಿನ ಅತಿ ದೊಡ್ಡ ಪ್ರಯಾಣಿಕ ಹಡಗು: 2,48,663 ಟನ್, 20 ಅಂತಸ್ತು, ಕೋಣೆಗೆ ಇಬ್ಬರಂತೆ 5,610 ಪ್ರಯಾಣಿಕರು, ಸುಮಾರು 2,350 ಸಿಬ್ಬಂದಿ. ಇಂಥ ಹಡಗುಗಳ ಕೋಣೆಗಳನ್ನು ಕಾರ್ಖಾನೆಯಲ್ಲಿ ಗೋಡೆ, ಬಚ್ಚಲು, ದೀಪ ಸಮೇತ ಪೆಟ್ಟಿಗೆಗಳಂತೆ ತಯಾರಿಸಿ ತಂದು ಹಡಗಿನ ಒಡಲಿಗೆ ತಳ್ಳುತ್ತಾರೆ. ಸಾಮಾನ್ಯ ಒಳಕೋಣೆಯ ವಿಸ್ತಾರ ಈಗಲೂ 150 ಚದರ ಅಡಿಯ ಆಸುಪಾಸು. ಗೋಡೆ ಉಕ್ಕಿನದಾದ್ದರಿಂದ ಅನುಭವಿಗಳು ಬಟ್ಟೆ ನೇತುಹಾಕಲು ಅಯಸ್ಕಾಂತದ ಕೊಕ್ಕೆಗಳನ್ನು ಒಯ್ಯುತ್ತಾರೆ. ಪೆಟ್ಟಿಗೆ ಎಲ್ಲಿಡುವುದೆಂಬ ಡಿಕನ್ಸ್‌ನ ಪ್ರಶ್ನೆಗೆ ಸಿಕ್ಕ ಉತ್ತರ ಒಂದೇ: ಮಂಚದ ಕೆಳಗೆ.

ಊಟದ ಬಗ್ಗೆ ಬರುವ ಅನಿಸಿಕೆಗಳಲ್ಲೂ ಒಂದು ಸಾಮ್ಯವಿದೆ. ಬಗೆಗಳು ಲೆಕ್ಕವಿಲ್ಲದಷ್ಟು, ರುಚಿ ಮದುವೆ ಮನೆಯದು ಎಂದು ಹೇಳುವವರೇ ಹೆಚ್ಚು. ಅದಕ್ಕೆ ಕಾರಣವಿದೆ. ಸಾವಿರಾರು ಜನಕ್ಕೆ ಒಂದೇ ಹೊತ್ತಿಗೆ ಬಡಿಸಬೇಕು. ಬೆಂಕಿಯ ಭಯದಿಂದ ತೆರೆದ ಉರಿಗೆ ನಿರ್ಬಂಧವಿದ್ದು ಅಡಿಗೆಯೆಲ್ಲ ಹೆಚ್ಚಾಗಿ ವಿದ್ಯುತ್ ಒಲೆಯಲ್ಲೇ ಆಗಬೇಕು. ಸಾಮಾನುಗಳನ್ನೆಲ್ಲ ಬಂದರಿನಲ್ಲಿ ನಿಂತ ಒಂದು ಹಗಲಿನಲ್ಲಿ ತುಂಬಿಕೊಳ್ಳಬೇಕು. ಕುಡಿಯುವ ನೀರನ್ನು ಬಹುಪಾಲು ಕಡಲ ನೀರಿನಿಂದಲೇ ತಯಾರಿಸುತ್ತಾರೆ. ನಿಗದಿತ ಪಂಕ್ತಿಯ ಕಟ್ಟುಪಾಡನ್ನು 2000ದ ಸುಮಾರಿಗೆ ಕೆಲವು ಕಂಪನಿಗಳು ಸಡಿಲಿಸಿದವು. ಅಂದಿನಿಂದ ಎಲ್ಲಿ, ಯಾವಾಗ ಉಣ್ಣಬೇಕೆಂಬುದು ಪ್ರಯಾಣಿಕನ ಇಚ್ಛೆ. ದರ್ಜೆಗಳು ಹೆಸರಿಗೆ ಹೋದವು. ದುಬಾರಿ ಕೋಣೆಯವರಿಗೆ ಪ್ರತ್ಯೇಕ ಊಟದ ಮನೆ, ಪ್ರತ್ಯೇಕ ಅಟ್ಟ ಎಂಬ ರೂಪದಲ್ಲಿ ಕೆಲವು ಹಡಗುಗಳಲ್ಲಿ ಮರಳಿ ಬಂದವು.

<b>ಬಾಗಿಲ ಬಳಿ ಇಟ್ಟ ತಟ್ಟೆ</b>

ಕೋಣೆ ಮತ್ತು ಊಟದ ಅರ್ಥವೇ ಬದಲಾದ ಪ್ರಸಂಗವೊಂದು 2020ರ ಫೆಬ್ರುವರಿಯಲ್ಲಿ ನಡೆಯಿತು. ಜಪಾನಿನ ಯೊಕೊಹಾಮಾ ಬಂದರಿಗೆ ಬಂದ ‘ಡೈಮಂಡ್ ಪ್ರಿನ್ಸೆಸ್’ನಲ್ಲಿ ಕೊರೊನಾ ಸೋಂಕು ಕಂಡುಬಂದು, 3,711 ಜನರಿದ್ದ ಹಡಗನ್ನು ಪ್ರತ್ಯೇಕವಾಗಿ ಇರಿಸಲಾಯಿತು. ಪ್ರಯಾಣಿಕರು ಕೋಣೆಗಳಲ್ಲೇ ಇರಬೇಕೆಂದು ಆಜ್ಞೆಯಾಯಿತು. ಬಾಲ್ಕನಿ ಇದ್ದವರಿಗೆ ಗಾಳಿ ಬೆಳಕು ಇತ್ತು. ಕಿಟಕಿಯೇ ಇಲ್ಲದ ಅಗ್ಗದ ಒಳಕೋಣೆಯವರನ್ನು ಸರದಿಯ ಮೇಲೆ ಸ್ವಲ್ಪ ಹೊತ್ತು ಮೇಲೆ ಬಿಡುತ್ತಿದ್ದರು. ಕೋಣೆಯ ದರಪಟ್ಟಿ ಉಸಿರಾಟದ ದರಪಟ್ಟಿಯಾಯಿತು.

ಮೂರು ಹೊತ್ತಿನ ಊಟವನ್ನು ಪ್ರತಿ ಬಾಗಿಲಿಗೂ ಮುಟ್ಟಿಸುತ್ತಿದ್ದವರು ಹಡಗಿನ ಸಿಬ್ಬಂದಿ. ಅವರಲ್ಲಿ 132 ಮಂದಿ ಭಾರತೀಯರು. ಪ್ರಯಾಣಿಕರನ್ನು ಕೋಣೆಯಲ್ಲಿ ಕೂರಿಸಿದ ಮೇಲೂ ಸಿಬ್ಬಂದಿ ಹಂಚಿಕೊಂಡ ಕೋಣೆಗಳಲ್ಲಿ ಮಲಗಿ, ಒಂದೇ ಊಟದ ಸಾಲೆಯಲ್ಲಿ ಒಟ್ಟಿಗೆ ಉಣ್ಣುತ್ತಿದ್ದರು. ಸಿಬ್ಬಂದಿಯಲ್ಲಿ ಮೊದಮೊದಲು ಸೋಂಕು ತಗುಲಿದವರ ಪೈಕಿ ಹೆಚ್ಚಿನವರು ಊಟೋಪಚಾರದ ವಿಭಾಗದವರೇ ಎಂದು ಆಮೇಲಿನ ತನಿಖೆ ತಿಳಿಸಿತು. ಹಡಗಿನಲ್ಲಿ ಒಟ್ಟು ಏಳುನೂರಕ್ಕೂ ಹೆಚ್ಚು ಜನಕ್ಕೆ ಸೋಂಕು ತಗುಲಿತ್ತು.

ಗೋವೆ, ಮಂಗಳೂರು, ಉಡುಪಿ ಕಡೆಯ ಎಷ್ಟೋ ಮನೆಗಳಿಗೆ ಹಡಗಿನ ಊಟದ ಸಾಲೆ ಎಂದರೆ ಮಗ ದುಡಿಯುವ ಜಾಗ. ಚಳಿಗಾಲದಲ್ಲಿ ಪಣಂಬೂರಿನ ನವಮಂಗಳೂರು ಬಂದರಿಗೆ ವಿಹಾರ ನೌಕೆಗಳು ಬರುತ್ತವೆ. ಇಳಿದ ಪ್ರವಾಸಿಗರು ಕುದ್ರೋಳಿ ದೇವಸ್ಥಾನ, ಅಲೋಶಿಯಸ್ ಚಾಪೆಲ್, ಮೂಡುಬಿದಿರೆಯ ಸಾವಿರ ಕಂಬದ ಬಸದಿ ನೋಡಿ ಸಂಜೆಯೊಳಗೆ ಮರಳುತ್ತಾರೆ. ಹಡಗಿನ ಸೊಗಸನ್ನು ಅವರು ಬರೆಯುತ್ತಾರೆ, ಬರೆಯಲಿ. ನೀರಿನ ಮಟ್ಟಕ್ಕೆ ಹತ್ತಿರದ ಕೆಳ ಅಂತಸ್ತಿನಲ್ಲಿ ಮಲಗಿ, ಎಲ್ಲರ ಊಟ ಮುಗಿದ ಮೇಲೆ ಉಣ್ಣುವವರ ಅನಿಸಿಕೆಗಳು ಅಚ್ಚಾದದ್ದು ಕಡಿಮೆ. ಹೊಸ ಹಡಗೊಂದರ ವರ್ಣನೆ ಕಣ್ಣಿಗೆ ಬಿದ್ದಾಗ, ಬರೆದವರು ಯಾವ ಅಂತಸ್ತಿನಲ್ಲಿ ಮಲಗಿದ್ದರು, ಎಷ್ಟನೆಯ ಪಂಕ್ತಿಯಲ್ಲಿ ಉಂಡರು ಎಂದು ನೋಡಿಕೊಂಡು ಓದುವುದು ಒಳ್ಳೆಯದು.